ಹುಳಿ ಬಾಟಲಿಯಲ್ಲೇ ಇದೆ

ಉಗಿಯುವುದು ನನ್ನ ಕಸುಬು.
ವಿರಾಜಪೇಟೆಯ ಕ್ಯೂರಿಂಗ್ ವರ್ಕ್ಸಿನ ಹಿಂಬದಿ ಕೋಣೆಯಲ್ಲಿ
ದಿನಕ್ಕೆ ನಲವತ್ತು ಬಟ್ಟಲು ಕಾಫಿ
ಚಮಚದಿಂದ ಸುರ್ರನೆ ಹೀರಿ, ನಾಲಗೆ ತುಂಬ ಹರಡಿ,
ತಗಡಿನ ಡಬ್ಬಕ್ಕೆ ಉಗಿದು, ಬರೆಯುತ್ತೇನೆ:
ಮಣ್ಣು. ಗೋಣಿ. ಸುಟ್ಟ ಬೆಲ್ಲ. ಪರವಾಗಿಲ್ಲ.
ಹದಿನೇಳು ವರ್ಷದಲ್ಲಿ ನುಂಗಿದ್ದು ಕಡಿಮೆ.

ನಮ್ಮ ರೋಬಸ್ಟಾ ಕೊಳ್ಳಲು ಟ್ರಿಯೆಸ್ಟಿನಿಂದ ಬಂದ ಲೊರೆದಾನಾ
ಹೊರಡುವಾಗ ಮೇಜಿನ ಮೇಲಿಟ್ಟು ಹೋದಳು
ಒಂದು ಹಸಿರು ಬಾಟಲಿ: ಸೊಂಟ ಸಣ್ಣ, ಹೊಟ್ಟೆ ದುಂಡು.
ವೆರ್ದಿಕ್ಯೊ.
ಹೆಸರಲ್ಲೇ ಹಸಿರಿದೆ ಅಂದಳು. ಒಳಗೆ ಮಾತ್ರ
ಭತ್ತದ ಹುಲ್ಲು ನೆನೆಸಿದ ನೀರಿನ ಬಣ್ಣ.
ಜೊತೆಗೇನು ತಿನ್ನಬೇಕೆಂದು ಚೀಟಿ ಬರೆದಿದ್ದಳು:
ಕಡಲ ಮೀನು, ಮೊಲ, ಎಳೆಯ ಚೀಸು.
ಮೊಲ ಮುಟ್ಟಿದರೆ ಅರಣ್ಯ ಇಲಾಖೆ ಬಾಗಿಲಿಗೆ.
ಎಳೆಯ ಚೀಸೆಂದರೆ ಡೇರಿಯ ಪನೀರೇ ಇರಬೇಕು.
ಕಡಲು
ಮಾಕುಟ್ಟ ಘಾಟಿಯ ಆಚೆ.

ಭಾನುವಾರ ಉತ್ತಯ್ಯ ಪಂದಿಕರಿ ಮಾಡಿದ.
ಕಾಚಂಪುಳಿ ಬಿದ್ದು ಕಪ್ಪಾದ ಆ ಮಾಂಸದೆದುರು
ವೈನು, ದೊಡ್ಡವರ ಜಗಳದಲ್ಲಿ ಬಾಯಿ ಹಾಕಿದ ಮಗುವಿನಂತೆ,
ತೆಪ್ಪಗಾಯಿತು.
ಇದಕ್ಕಿಂತ ಅವ್ವ ಹಾಕುವ ನೆಲ್ಲಿಕಾಯಿ ವೈನೇ ಗಟ್ಟಿ, ಅಂದ.
ಅದಕ್ಕೆ ಬೀಳುವ ಸಕ್ಕರೆ ಎಷ್ಟೆಂದು ನನಗೆ ಗೊತ್ತು. ಹೇಳಲಿಲ್ಲ.
ಬಿರಡೆ ಒತ್ತಿ ಫ್ರಿಜ್ಜಿಗೆ ಸೇರಿಸಿದೆ,
ಉಪ್ಪುನೀರಿನ ಕಣಿಲೆಯ ಪಕ್ಕ.

ಬುಧವಾರ ಕಣ್ಣೂರಿನ ವ್ಯಾನು.
ಕುಂಞಹಮ್ಮದ್ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವರಲ್ಲ.
ಮಂಜುಗಡ್ಡೆ ಸರಿಸುತ್ತ ಕೇಳಿದರು, ಡಾಕ್ಟರು ಕೇಳುವ ಹಾಗೆ:
ಮೊದಲು ಏನಾಗುತ್ತೆ?
ನಿಂಬೆ ಸಿಪ್ಪೆಯನ್ನು ಉಗುರಲ್ಲಿ ಗೀರಿದ ಹಾಗೆ.
ಆಮೇಲೆ?
ಸ್ವಲ್ಪ ಉಪ್ಪುಪ್ಪು. ಹೊಳೆಕಲ್ಲು ನೆಕ್ಕಿದ ಹಾಗೆ.
ಕೊನೆಗೆ?
ಬಾದಾಮಿ ಸಿಪ್ಪೆ. ಕಹಿ. ಆದರೆ ಸಿಟ್ಟಿಲ್ಲದ ಕಹಿ.

ಅವರ ಕೈ ಅಂಜಲ್ ದಾಟಿತು,
ಮತ್ತಿಯ ರಾಶಿಯ ಮೇಲೆ ಒಂದು ಗಳಿಗೆ ತಡೆದು, ದಾಟಿತು,
ಬೆರಳುದ್ದದ ಬೆಳ್ಳಿ ನತ್ತಲನ್ನು ಬೊಗಸೆಯಲ್ಲೆತ್ತಿ
ಕಾಗದಕ್ಕೆ ಸುರಿಯಿತು.
ಅಕ್ಕಿಹಿಟ್ಟು, ಅರಿಶಿನ, ಉಪ್ಪು. ಮೆಣಸು ತೋರಿಸಿದರೆ ಸಾಕು.
ಮುಳ್ಳು ತೆಗೆಯಬೇಡಿ.
ಕಾಚಂಪುಳಿ? ಅಂದೆ.
ಯಾಕಕ್ಕಾ, ಹುಳಿ ಬಾಟಲಿಯಲ್ಲೇ ಇದೆಯಲ್ಲ.

ರಾತ್ರಿ ನೂಪುಟ್ಟು, ಕರಿದ ನತ್ತಲ್,
ತೆಂಗಿನಕಾಯಿ ಉದುರಿಸಿದ ಕಣಿಲೆ ಪಲ್ಯ.
ಸಣ್ಣ ಮುಳ್ಳು ಹಲ್ಲಿನಲ್ಲಿ ಮುರಿಯುವ ಸದ್ದಿಗೆ
ಗ್ಲಾಸಿನ ತಣ್ಣನೆ ಅಂಚು ಸರಿಯಾಗಿ ಸಿಕ್ಕಿತು.
ಕಣಿಲೆಯ ಕಹಿ ಈ ಪರದೇಶಿ ಕಹಿಯನ್ನು ಕೂರಿಸಿ
ನೀವು ಯಾವ ಒಕ್ಕದವರು, ಎಂದು
ವಿಚಾರಿಸತೊಡಗಿದಂತಿತ್ತು.
ಉತ್ತಯ್ಯ ಅವ್ವನ ಸುದ್ದಿ ಎತ್ತಲಿಲ್ಲ. ಗ್ಲಾಸು ಚಾಚಿದ.
ನನ್ನ ಎಡಗೈ ಅಭ್ಯಾಸಕ್ಕೆ ಡಬ್ಬ ತಡಕಿತು,
ಮೇಜಿನ ಕೆಳಗೆ, ಕುರ್ಚಿಯ ಪಕ್ಕ.
ಇಲ್ಲ.
ನುಂಗಿದೆ.

ಮುಂದಿನ ಬುಧವಾರ ಖಾಲಿ ಬಾಟಲಿ ಒಯ್ದು ತೋರಿಸಿದೆ.
ಕುಂಞಹಮ್ಮದ್ ಮುಟ್ಟಲಿಲ್ಲ. ಬಗ್ಗಿ, ಈ ಕಡೆಯಿಂದ, ಆ ಕಡೆಯಿಂದ ನೋಡಿದರು.
ಮೀನಿನದೇ ಆಕಾರ! ಮೊದಲೇ ತಂದಿದ್ದರೆ
ಅಷ್ಟು ಪ್ರಶ್ನೆ ಕೇಳುತ್ತಿದ್ದೆನಾ?
ಅವರ ಮನೆಯಾಕೆಗೆಂದು ಕಾಚಂಪುಳಿ
ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿಕೊಟ್ಟೆ.

ಅಂದು ಮಧ್ಯಾಹ್ನ ಸಿದ್ದಾಪುರದ ಒಂದು ಲಾಟಿಗೆ ನಾನು ಬರೆದದ್ದನ್ನು
ಮ್ಯಾನೇಜರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದ್ದಾರೆ:
‘ಸಿಟ್ಟಿಲ್ಲದ ಕಹಿ’. ಅಂದರೆ?