ಬಿಳಿ ಲಾಡಿ

ಖಡಕಿ ಬಜಾರಿನ ನನ್ನ ಹೊಲಿಗೆ ಅಂಗಡಿಗೂ
ಅವರ ಖೋಲಿಗೂ ಗೋಡೆ ಒಂದೇ.
ಮಿಷನ್ನಿನ ಸದ್ದು ಆ ಕಡೆ ಹೋಗುತ್ತಿತ್ತು,
ಆ ಕಡೆಯಿಂದ ಏನೂ ಬರುತ್ತಿರಲಿಲ್ಲ.
ರೇಡಿಯೋ ಇಲ್ಲ, ಕೆಮ್ಮು ಸಹ ಇಲ್ಲ.

ಸುಬೇದಾರ ಭರಮಪ್ಪ ಹುಣಶ್ಯಾಳ,
ಬಾಂಬೆ ಸ್ಯಾಪರ್ಸ್, ನಿವೃತ್ತ.
ಬಾಗಿಲ ಹಲಗೆಯಲ್ಲಿ ಇಷ್ಟೇ ಇತ್ತು.
ಬಾಯಲ್ಲಿ ಅಷ್ಟೂ ಇರಲಿಲ್ಲ.

ಮೊದಲ ಸಲ ಬಂದದ್ದು ಒಂದು ದೀಪಾವಳಿಯ ಮುಂಚೆ,
ಬ್ಲೌಸುಗಳ ರಾಶಿಯಲ್ಲಿ ನಾನು ಮುಳುಗಿದ್ದಾಗ.
"ತಂಗೀ, ಚಿಂದಿ ಏನ್ ಮಾಡ್ತೀ?"
ಪುಣೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ,
ಯಾರೂ ನನ್ನನ್ನು ತಂಗೀ ಎಂದಿರಲಿಲ್ಲ.
ಗೋಣಿಚೀಲ ತುಂಬ ಕೊಟ್ಟೆ,
ಸೈಕಲ್ ಒರೆಸಲಿಕ್ಕೋ ಏನೋ ಅಂದುಕೊಂಡು.

ಕೌದಿ ಹೊಲಿಯುತ್ತಿದ್ದರು.
ಗೋಕಾಕದ ಕಡೆ ಅಜ್ಜಿಯರು ಹೊಲಿಯುವ ಕೌದಿ,
ಈ ಮೀಸೆಯ ಗಂಡಸು, ಕಾಲು ಚಾಚಿ,
ಕನ್ನಡಕ ಮೂಗಿನ ತುದಿಗೆ ಇಳಿಸಿ.
ಓಣಿಯ ಹುಡುಗರು ಒಂದು ವಾರ ನಕ್ಕರು.
ಅವರು ತಲೆ ಎತ್ತಲಿಲ್ಲ.
ನಗೆ ಬೇಸತ್ತು ಎದ್ದು ಹೋಯಿತು.

ನಾನು ಹೊಲಿಗೆಯವಳು; ಕೈ ನೋಡುತ್ತೇನೆ, ಮುಖವಲ್ಲ.
ಸೂಜಿಯನ್ನು ಅವರು ನೆಟ್ಟಗೆ ಚುಚ್ಚಲೇ ಇಲ್ಲ.
ಓರೆಯಾಗಿ ಇಳಿಸಿ, ಒಂದು ಕ್ಷಣ ನಿಲ್ಲಿಸಿ,
ಬಟ್ಟೆಯ ಕೆಳಗೆ ಯಾರೋ ಮಲಗಿದ್ದಾರೆ ಎಂಬಂತೆ
ಕೇಳಿಸಿಕೊಂಡು, ಆಮೇಲೆ ಮುಂದಕ್ಕೆ.
"ನೆಟ್ಟಗ ಹೊಲಿದ್ರ ಲಗೂ ಆಗ್ತದಲ್ರೀ ಅಣ್ಣಾರ?"
"ಮೂವತ್ತು ಡಿಗ್ರಿ," ಅಂದರು.
"ನೆಟ್ಟಗ ಚುಚ್ಚಿದಾಂವ ಎರಡನೇ ಸಲ ಚುಚ್ಚಾಂಗಿಲ್ಲ."
ಆ ವರ್ಷದ ಮಾತು ಅಲ್ಲಿಗೆ ಮುಗಿಯಿತು.

ಎಷ್ಟು ಹೊಲಿದರೋ. ಕೂಸು ಹುಟ್ಟಿದ ಮನೆಗೆ ಒಂದು,
ಮದ್ದಿನ ಕಾರ್ಖಾನೆಯ ರಾತ್ರಿ ಪಾಳಿಯ ವಾಚ್‌ಮನ್ನನಿಗೆ ಒಂದು,
ಹೋಳ್ಕರ್ ಪುಲಿನ ಕೆಳಗೆ ಮಲಗುವ, ಹೆಸರು ಗೊತ್ತಿಲ್ಲದವನಿಗೆ
ಅಂಚಿಗೆ ಕೆಂಪು ಕಟ್ಟಿದ್ದು.
ಮದುವೆ ಲೆಹೆಂಗಾದ ಅಸ್ತರು, ಶಾಲೆಯ ಖಾಕಿ ಚಡ್ಡಿ,
ಪಾದ್ರಿಯ ನಿಲುವಂಗಿಯ ತೋಳು,
ನನ್ನ ಚಿಂದಿಗಳೆಲ್ಲ ಯಾರ್ಯಾರದೋ ಮೈಮೇಲೆ ನೆಂಟರಾದವು.
ಮುಗಿಸುವ ಮುನ್ನ ನಾಲ್ಕು ಮೂಲೆಗೂ
ರೊಟ್ಟಿಯ ಚೂರು, ಬೆಲ್ಲ. ಕೌದಿ ಹಸಿದಿದ್ದರೆ
ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ.
ಅವರಿಗೆ ಹತ್ತುತ್ತಿತ್ತೋ ಇಲ್ಲವೋ;
ನಡುರಾತ್ರಿ ಅವರ ಬಲ್ಬು ನನ್ನ ಗೋಡೆಯ ಬಿರುಕಿನಲ್ಲಿ
ಹಳದಿ ದಾರವಾಗಿ ಕಾಣುತ್ತಿತ್ತು.

ಮಾರ್ಗಶಿರದ ಚಳಿಯಲ್ಲಿ ಹೋದರು.
ಹಾಲಿನವನು ಬಂದು ಹೇಳಿದ.
ಕೊನೆಯ ಕೌದಿ ಮಂಚದ ಮೇಲಿತ್ತು,
ಮೂಲೆಗಳು ಇನ್ನೂ ತೆರೆದೇ, ಸೂಜಿ ಅದರಲ್ಲೇ, ಓರೆಯಾಗಿ.
ಮಣ್ಣಿನ ಬಣ್ಣ, ಬೂದಿ, ಹಳೆಯ ಸಮವಸ್ತ್ರದ ಹಸಿರು.
ಅದರ ಮೇಲೆ ಎರಡು ಬಿಳಿ ಲಾಡಿ, ಪರಕಾರಕ್ಕೆ ಹಾಕುವಂಥವು,
ಜೋಡಿಯಾಗಿ, ಮೇಲಿಂದ ಕೆಳಕ್ಕೆ, ಸೊಟ್ಟಸೊಟ್ಟ.
ಮುದುಕರ ಕೈ ಸೋತಿತ್ತು ಪಾಪ ಎಂದು ನನ್ನ ಮರುಕ.

ಸಾಂಗ್ಲಿಯಿಂದ ಬಂದಿದ್ದ ಹಳೆಯ ಜೊತೆಗಾರ,
ನಾಯಕ್ ದೌಲು ಖರಾತ, ಬಲಗಾಲು ಮರದ್ದು,
ಕೌದಿಯ ಮುಂದೆ ಕುಳಿತು ಲಾಡಿಗಳ ನಡುವೆ
ತೋರುಬೆರಳು ನಡೆಸಿದ. ಮರಾಠಿಯಲ್ಲಿ ಅಂದ:
ಇದು ನಾವು ರಾತ್ರಿಯೆಲ್ಲ ಮೊಣಕಾಲಲ್ಲಿ ತೆರೆದ ದಾರಿ.
ಇಲ್ಲಿ ಬಾವಿ. ಇಲ್ಲೊಂದು ಜಾಲಿ, ಅದಕ್ಕೇ ಬಳಸಿದ್ದು.
ಬೆಳಕು ಹರಿಯುವ ಮೊದಲು ಮುನ್ನೂರು ಜನ ದಾಟಿದರು.
ಲಾಡಿಯ ಹೊರಗೆ, ಗೇಣು ದೂರದಲ್ಲಿ,
ಒಂದು ಚೌಕಕ್ಕೆ ಬಟ್ಟೆ ಹಚ್ಚದೆ ಬಿಟ್ಟಿತ್ತು.
ಬೆರಳು ಅಲ್ಲಿಗೆ ಹೋಗಲಿಲ್ಲ. ನಾನೂ ಕೇಳಲಿಲ್ಲ.

ಮೂಲೆಗಳನ್ನು ನಾನೇ ಮುಚ್ಚಿದೆ, ರೊಟ್ಟಿ ಬೆಲ್ಲ ಇಟ್ಟು,
ನೆಟ್ಟಗಿನ ಹೊಲಿಗೆಯಲ್ಲಿ; ನನಗೆ ಬರುವುದು ಅದೇ.
ಬಿಸಿಲಿಗೆ ಹಾಕಿದ ದಿನ ಇರುವೆ ಬಂದವು.
ಲಾಡಿ ದಾಟಿ, ಸಾಲು ಮುರಿದು,
ಆ ಬಿಟ್ಟ ಚೌಕದ ಮೇಲೂ ಅಡ್ಡಾದಿಡ್ಡಿ ಓಡಾಡಿ
ಬೆಲ್ಲ ಹೊತ್ತುಕೊಂಡು ಹೋದವು.
ಉಸಿರು ಹಿಡಿದು ನೋಡುತ್ತ ನಿಂತೆ.
ಏನೂ ಆಗಲಿಲ್ಲ.