ಎರಡು ಸೆಕೆಂಡು

ರೂವಿಯ ಹೊಂಡಾ ರೋಡಿನ ಹಿಂದೆ ಮೂರನೇ ಮಹಡಿ,
ಎರಡು ಮಂಚ, ಒಂದು ಟೀವಿ.
ಯಾರೋ ಬಳಸಿ ಮಾರಿದ ಕ್ಯಾಪ್ಚರ್ ಕಾರ್ಡು, ಹದಿನೆಂಟು ರಿಯಾಲು,
ಖರ್ಜೂರದ ಡಬ್ಬಿಯ ಮೇಲೆ ಕೂತು
ಕೆಂಪು ದೀಪ ಉರಿಸುತ್ತದೆ.

ಒಂದು ತಂತಿ ಒಳಗೆ, ಒಂದು ಟೀವಿಗೆ,
ಇನ್ನೊಂದು ಲ್ಯಾಪ್‌ಟಾಪಿಗೆ.
ಟೀವಿಯಲ್ಲಿ ನಾನು ಗೋಡೆಗೆ ಗುದ್ದಿ ಸತ್ತ ಮೇಲೂ
ಲ್ಯಾಪ್‌ಟಾಪಿನಲ್ಲಿ ಓಡುತ್ತಲೇ ಇರುತ್ತದೆ ಕಾರು,
ಎರಡು ಸೆಕೆಂಡು ಹಿಂದೆ,
ಏನೂ ಗೊತ್ತಿಲ್ಲದ ಹಾಗೆ.

ನೋಡುವವರು ನಾಲ್ವರು.
ಹೊನ್ನಾವರದವನೊಬ್ಬ ದಿನಾ ಬರೆಯುತ್ತಿದ್ದ: ಮೈಕು ಏರ್ಸೋ, ಕೇಳೂದಿಲ್ಲ.
ಏರಿಸುವುದು ಹೇಗೆ?
ಬೆನ್ನ ಹಿಂದೆ ಜೋಕಿಂ ಮಲಗಿದ್ದಾನೆ,
ನಾಲ್ಕೂವರೆಗೆ ಅವನ ಸೈಟಿನ ಬಸ್ಸು.
ಪಿಸುಮಾತಲ್ಲೇ ನನ್ನ ರೇಸೆಲ್ಲ;
ಗೆದ್ದರೆ ದಿಂಬಿಗೊಂದು ಗುದ್ದು, ಅಷ್ಟೇ.

ಜೂನಿನಲ್ಲಿ ಅವನ ಕಂಪನಿ ಮುಚ್ಚಿತು.
ಕುಕ್ಕರು ನನಗೆ ಕೊಟ್ಟ, ಚಪ್ಪಲಿ ಮರೆತ.
ಆ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ.

ನಿನ್ನೆ ಡಿಸ್ಕು ತುಂಬಿತೆಂದು
ಹಳೆಯ ರೆಕಾರ್ಡಿಂಗು ಅಳಿಸುತ್ತ ಕೂತಿದ್ದೆ.
ಒಂದರಲ್ಲಿ, ಟಯರುಗಳ ಕಿರುಚಾಟದ ಅಡಿಗೆ, ಗೊರಕೆ.
ಗೊರಕೆ ನಿಂತು, ನಿದ್ದೆಯಲ್ಲಿ ಅದ್ದಿ ತೆಗೆದ
ಕೊಂಕಣಿ ರಾಗದ ದನಿ:
"ಬ್ರೇಕ್ ಹಾಕು ಮಾರಾಯಾ, ಮುಂದೆ ತಿರುವುಂಟು."

ಉಂಟು.
ಕಣ್ಣು ಮುಚ್ಚಿ ಹೇಗೆ ಕಂಡನೋ.
ಎರಡು ಸೆಕೆಂಡು ಬಿಟ್ಟು ಗುದ್ದುತ್ತೇನೆ.

ಇವತ್ತು ಮೈಕು ಪೂರ್ತಿ ಏರಿಸಿಟ್ಟಿದ್ದೇನೆ.
ಏಸಿ ಗುಂಯ್‌ಗುಡುತ್ತಿದೆ, ಅದೂ ಲೈವಿಗೆ ಹೋಗುತ್ತಿದೆ.
ಹೊನ್ನಾವರದವ ಬರೆದ:
ಈಗ ಚಲೋ ಕೇಳ್ತದೆ,
ಏನಾದ್ರೂ ಮಾತಾಡೋ.