ರಂಜಕ

ಶಾಲೆಯಲ್ಲಿ ಈ ಹೆಸರು ಓದಿದಾಗ
ನಾಟಕದವರ ಬಣ್ಣದ ಪೆಟ್ಟಿಗೆ ನೆನಪಾಗಿತ್ತು.
ಈಗ ಹನ್ನೊಂದು ವರ್ಷ,
ದುರ್ಗದ ಮಣ್ಣು ಪರೀಕ್ಷೆ ಕೇಂದ್ರದಲ್ಲಿ
ಜರಡಿ ಹಿಡಿಯುತ್ತೇನೆ, ಸೀಸೆ ತೊಳೆಯುತ್ತೇನೆ,
ಅದರ ಮುಖ ಕಂಡವಳಲ್ಲ.
ಕಂಡದ್ದು ನೀಲಿ ಮಾತ್ರ.
ಸೋಸಿದ ತಿಳಿಗೆ ಮದ್ದು ಬಿಟ್ಟು ಹತ್ತು ನಿಮಿಷ ಕಾದರೆ
ಇದ್ದಷ್ಟು ಗಾಢ.
ಇಲ್ಲದಿದ್ದರೆ, ಪಂಚೆ ಅದ್ದಿ ತೆಗೆದ ಮೇಲೆ
ಬಕೆಟ್ಟಿನಲ್ಲಿ ಉಳಿಯುವ ನೀಲಿ.

ಆಷಾಢದ ಒಂದು ಸೋಮವಾರ
ಹೊಳಲ್ಕೆರೆ ಕಡೆಯ ಕೆಂಚವೀರಪ್ಪ ಬಂದ.
ಟವೆಲಿನಲ್ಲಿ ಕೆಮ್ಮಣ್ಣು,
ಜೇಬಿನಲ್ಲಿ ಬಸ್ ಟಿಕೇಟಿನ ಜೊತೆ ಮಡಚಿದ
ಮೆಕ್ಕೆಜೋಳದ ಎಲೆ.
ಅಂಚೆಲ್ಲ ನೇರಳೆ.
"ಇದೇ ಬಣ್ಣದ ಸೀರೆ ಬೇಕಂತಾಳೆ ನಮ್ಮಾಕಿ.
ಚಂದಕ್ಕೆ ಬಂದಿದ್ದಾ ಮೇಡಂ, ಜಡ್ಡಿಗಾ?"

ನಾನು ಮೇಡಂ ಅಲ್ಲ. ಆದರೂ ಹೇಳಿದೆ:
ಹಸಿವಿಗೆ.
ಎಲೆ ದುಡಿದ ಸಕ್ಕರೆ ಎಲೆಯಲ್ಲೇ ಕೂತಿದೆ,
ಇಳಿಸಿಕೊಳ್ಳುವ ಶಕ್ತಿ ಬುಡಕ್ಕಿಲ್ಲ.

"ಮೂರು ಚೀಲ ಹಾಕೀನಲ್ಲ!"
ಎರಚಿದ್ದಾ, ಸಾಲಿಗೆ ಬಿಟ್ಟಿದ್ದಾ?
"ಎರಚಿದ್ದು."

ಯೂರಿಯಾ ನೀರು ಹೋದಲ್ಲಿ ಹೋಗುತ್ತದೆ.
ಇದು ಬಿದ್ದಲ್ಲಿಂದ ಕದಲುವುದಿಲ್ಲ,
ಮುನಿದ ಬೀಗರ ಹಾಗೆ;
ಬೇರೇ ಅದರ ಬಾಗಿಲಿಗೆ ಹೋಗಬೇಕು.
ಹೋಗುವಷ್ಟರಲ್ಲಿ ನಮ್ಮ ಮಣ್ಣಿನ ಕಬ್ಬಿಣ
ಬೀಗ ಜಡಿದಿರುತ್ತದೆ.
ಮುಂದಿನ ಸಲ ಕೂರಿಗೆಯಲ್ಲಿ ಬಿಡು,
ಬೀಜಕ್ಕಿಂತ ಎರಡು ಬೆರಳು ಕೆಳಗೆ.

ತಲೆಯಾಡಿಸಿದ. ಹೋಗಲಿಲ್ಲ.
"ಬದುವಿನ ಮೂಲೇಲಿ ಮಂಚದಗಲ ಜಾಗ ಐತೆ.
ಅಲ್ಲಿ ಮಾತ್ರ ಪೈರು ಕಪ್ಪಗೆ, ಎದೆ ಮಟ."
ಏನಿದೆ ಅಲ್ಲಿ?
ಟಿಕೇಟನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿದ.
"ಬಿಳಿಯ. ಎಡಗಡೆ ಎತ್ತು ನಮ್ದು.
ಹುಗಿದು ಒಂಬತ್ತು ವರ್ಷಾತು."

ಎರಡು ವಾರ ಬಿಟ್ಟು ಆ ಮಣ್ಣನ್ನೂ ತಂದ.
ಈ ಸಲ ಟವೆಲಲ್ಲ,
ಒಗೆದು ಮಡಚಿದ ಹೊಸ ಕರವಸ್ತ್ರದಲ್ಲಿ.

ಮದ್ದು ಬಿಟ್ಟೆ.
ನಾಲ್ಕನೇ ನಿಮಿಷಕ್ಕೇ ಶುರುವಾಯಿತು,
ಹತ್ತಕ್ಕೆ ಕಿಟಕಿಗೆ ಹಿಡಿದರೆ
ಆಚೆಯ ಬೇವಿನ ಮರ ಕಾಣದಷ್ಟು ನೀಲಿ.
"ಇದು ಬಿಳಿಯನಾ?" ಅಂದ.

ಅದಕ್ಕೆ ನಮ್ಮ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.
ಮಾದರಿ ಎರಡು, ಲಭ್ಯ ರಂಜಕ: ಹೆಚ್ಚು,
ಅಂತಷ್ಟೇ ಬರೆದುಕೊಟ್ಟೆ.
ಮಡಚದೆ ಹಿಡಿದುಕೊಂಡು ಹೋದ.

ಪರೀಕ್ಷೆ ಮುಗಿದದ್ದನ್ನು ಬಚ್ಚಲಿಗೆ ಚೆಲ್ಲಿ
ಸೀಸೆ ತೊಳೆಯುವುದು ನನ್ನ ಕೆಲಸ.
ಅವತ್ತು ಅದೊಂದನ್ನು
ಎಲ್ಲಕ್ಕಿಂತ ಕೊನೆಗೆ ತೊಳೆದೆ.